ಪದಕ್ಕೆ ಒಂದು ಸೆಂಟ್

ಆನ್‌ಲೈನ್‌ನಲ್ಲಿ ಬರೆದು ನಾನು ಗಳಿಸಿದ ಮೊದಲ ದುಡ್ಡು 4 ಡಾಲರ್. ಅದು ಕೈಗೆ ಸಿಕ್ಕಿದ್ದು ಎರಡು ತಿಂಗಳ ಮೇಲೆ.

ಅಕ್ವೇರಿಯಂ ಫಿಲ್ಟರ್ ತೊಳೆಯುವುದು ಹೇಗೆ, ಇದು ವಿಷಯ. 500 ಪದ, ಪದಕ್ಕೆ ಒಂದು ಸೆಂಟ್. ನಮ್ಮ ಮನೆಯಲ್ಲಿ ಅಕ್ವೇರಿಯಂ ಇಲ್ಲ, ಯಾವತ್ತೂ ಇರಲಿಲ್ಲ. ಮೀನು ನೀರಿನಲ್ಲಿ ಇರುತ್ತದೆ ಅನ್ನುವುದರಾಚೆಗೆ ನನಗೆ ಏನೂ ಗೊತ್ತಿರಲಿಲ್ಲ. ಆದರೂ ಒಪ್ಪಿಕೊಂಡೆ. ರಾತ್ರಿ ಕೂತು ಏಳೆಂಟು ಪುಟ ಓದಿ, ಅಲ್ಲಿಂದ ಇಲ್ಲಿಂದ ಹೆಕ್ಕಿ ಬರೆದೆ. 'ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಿರಿ' ಎಂದು ಬಹಳ ಧೈರ್ಯವಾಗಿ ಬರೆದಿದ್ದೆ.

ಮಾರನೇ ದಿನ ಕ್ಲೈಂಟ್ ಉತ್ತರ ಬಂತು. 'ನೀವು ಹೇಳಿದ ಹಾಗೆ ಮಾಡಿದರೆ ನಮ್ಮ ಓದುಗರ ಮೀನುಗಳೆಲ್ಲ ಸಾಯುತ್ತವೆ.' ಆ ಸ್ಪಂಜಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆದಿರುತ್ತವಂತೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಎಂಬ ವಿಷವನ್ನು ಕಡಿಮೆ ವಿಷದ ವಸ್ತುವಾಗಿ ಬದಲಾಯಿಸುವುದು ಅವೇ. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಂದುಬಿಡುತ್ತದೆ. ಹಾಗಾಗಿ ತೊಟ್ಟಿಯಿಂದಲೇ ಸ್ವಲ್ಪ ನೀರು ತೆಗೆದು ಅದರಲ್ಲಿ ಅದ್ದಿ ಹಿಂಡಬೇಕು. ಮೀನು ಸಾಕುವವರಿಗೆಲ್ಲ ಗೊತ್ತಿರುವ ಮೊದಲ ಪಾಠ ಇದು. ನಾನು ಓದಿದ ಪುಟಗಳಲ್ಲೂ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಯಾವುದು ಮುಖ್ಯ ಅಂತ ಗೊತ್ತಿಲ್ಲದವರಿಗೆ ಎಲ್ಲ ಸಾಲೂ ಒಂದೇ ಥರ ಕಾಣುತ್ತದೆ, ಅಲ್ವಾ?

ತಿದ್ದಿ ಕೊಟ್ಟೆ. 5 ಡಾಲರ್‌ನಲ್ಲಿ ಕೆಲಸ ಕೊಡಿಸಿದ ಸೈಟ್ ಶೇ. 20 ಕಮಿಷನ್ ಹಿಡಿದುಕೊಂಡಿತು. ಉಳಿದ 4 ಡಾಲರ್ ತೆಗೆಯೋಣ ಅಂದರೆ, ಖಾತೆಯಲ್ಲಿ ಕನಿಷ್ಠ ಇಷ್ಟು ಇರಬೇಕು ಎಂಬ ನಿಯಮ. ಇನ್ನೂ ನಾಲ್ಕೈದು ಲೇಖನ ಬರೆಯುವ ತನಕ ಅದು ಅಲ್ಲೇ ಕೂತಿತ್ತು.

ಆ ರಾತ್ರಿ ಅಕ್ಕ ಕೇಳಿದಳು, "ಎಷ್ಟು ಬಂತೋ?"

"ನಾಲ್ಕು ಡಾಲರ್."

"ಗಂಟೆಗಾ?"

"ಅಲ್ಲ, ಒಟ್ಟು."

"ಎಷ್ಟು ಹೊತ್ತು ಕೂತಿದ್ದೆ?"

ಓದಿದ್ದು, ಬರೆದದ್ದು, ತಿದ್ದಿದ್ದು ಎಲ್ಲ ಸೇರಿ ಏಳು ಗಂಟೆ. ಅಂದರೆ ಗಂಟೆಗೆ 57 ಸೆಂಟ್. ಅಕ್ಕ ನಗಲಿಲ್ಲ. "ಆಫೀಸಿನಲ್ಲಿ ಊರವರ ಲೆಕ್ಕ ಎಲ್ಲ ಬರೀತೀಯ. ನಿನ್ನ ಲೆಕ್ಕ ನೀನು ಇಡಲ್ವಾ?" ಎಂದು ಕೇಳಿ ಮಲಗಲು ಹೋದಳು.

ಅವಳು ಹೇಳಿದ್ದು ನಿಜ. ಹಗಲು ನನ್ನ ಕೆಲಸ ಅಕೌಂಟ್ಸ್. ಇನ್‌ವಾಯ್ಸ್, ಲೆಡ್ಜರ್, ತಿಂಗಳ ಕೊನೆಯ ಬ್ಯಾಂಕ್ ತಾಳೆ, ಅಂದರೆ ನಮ್ಮ ಪುಸ್ತಕದ ಲೆಕ್ಕವನ್ನು ಬ್ಯಾಂಕಿನ ಲೆಕ್ಕದ ಜೊತೆ ಹೊಂದಿಸಿ ನೋಡುವುದು. ಅದು ಬೇಜಾರಾಗಿಯೇ 2019ರಲ್ಲಿ ಬರವಣಿಗೆಗೆ ಇಳಿದದ್ದು. ಅಂಕಿಗಳಿಂದ ತಪ್ಪಿಸಿಕೊಂಡು ಅಕ್ಷರಗಳ ಕಡೆ ಓಡಿಬಂದವನು ನಾನು. ಹಾಗಾಗಿ ಪ್ರೊಫೈಲ್‌ನಲ್ಲಿ ಅಕೌಂಟ್ಸ್ ಎಂಬ ಪದವನ್ನೇ ಹಾಕಿರಲಿಲ್ಲ. ಬದಲಿಗೆ ಹಾಕಿದ್ದು ಇದು: 'ಯಾವ ವಿಷಯ ಕೊಟ್ಟರೂ ಬರೆಯುತ್ತೇನೆ. ಆರೋಗ್ಯ, ಪ್ರವಾಸ, ತಂತ್ರಜ್ಞಾನ, ಸಾಕುಪ್ರಾಣಿ.' ಈಗ ಓದಿದರೆ ನಾಚಿಕೆ ಆಗುತ್ತದೆ. ಯಾವ ಕಾಯಿಲೆಗಾದರೂ ಮದ್ದು ಕೊಡುತ್ತೇನೆ ಅನ್ನುವವನ ಹತ್ತಿರ ಯಾರು ಹೋಗುತ್ತಾರೆ?

ಮೊದಲ ಮೂರು ತಿಂಗಳಲ್ಲಿ 43 ಕಡೆ ಪ್ರಪೋಸಲ್, ಅಂದರೆ ಕೆಲಸ ಕೇಳುವ ಅರ್ಜಿ, ಕಳಿಸಿದೆ. ಉತ್ತರ ಬಂದದ್ದು ಎರಡರಿಂದ. ಒಂದು ಆ ಮೀನಿನ ಲೇಖನ. ಇನ್ನೊಂದರ ಕಥೆ ಆಮೇಲೆ ಹೇಳುತ್ತೇನೆ.

ಪ್ರಪೋಸಲ್ ಕಳಿಸುವುದೂ ಪುಕ್ಕಟೆ ಅಲ್ಲ. ಇಂಥ ಕೆಲಸ ಸಿಗುವ ಸೈಟುಗಳಲ್ಲಿ ಒಂದಾದ ಅಪ್‌ವರ್ಕ್‌ನಲ್ಲಿ ಅರ್ಜಿ ಹಾಕಲು ಕನೆಕ್ಟ್ ಎಂಬ ಟೋಕನ್ ಬೇಕು. ಒಂದಕ್ಕೆ 15 ಸೆಂಟ್, ಒಂದೊಂದು ಕೆಲಸಕ್ಕೆ ಹಲವು ಕನೆಕ್ಟ್ ಖರ್ಚಾಗುತ್ತವೆ. ಫೈವರ್ ಎಂಬ ಇನ್ನೊಂದು ಸೈಟಿನ ಕ್ರಮ ಬೇರೆ. ಅಲ್ಲಿ ನಾವು ಅಂಗಡಿ ಇಟ್ಟ ಹಾಗೆ 'ಗಿಗ್' ಹಾಕಿ ಕಾಯಬೇಕು, ಕೊಳ್ಳುವವರು ಬಂದು ನೋಡುತ್ತಾರೆ. ಮಾರಿದ ಪ್ರತಿ ಕೆಲಸಕ್ಕೂ ಶೇ. 20 ಕಮಿಷನ್. ಎರಡನ್ನೂ ಮಾಡಿ ನೋಡಿದೆ. ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ. ಕೇಳಿ ಪಡೆಯುವುದೇ ವಾಸಿ ಅನ್ನಿಸಿತು.

ಕೇಳುವುದರಲ್ಲೂ ಒಂದು ರೀತಿ ಇದೆ ಅಂತ ತಿಳಿಯಲು ತಡವಾಯಿತು. ನನ್ನದು ಒಂದೇ ಪತ್ರ. 'ಮಾನ್ಯರೇ, ನಾನು ಪರಿಶ್ರಮಿ, ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುತ್ತೇನೆ' ಎಂದು ಶುರು. ಕಾಪಿ, ಪೇಸ್ಟ್, ಕಳಿಸು. ಒಂದು ದಿನ ಒಂದು ಜಾಹೀರಾತನ್ನು ಅಪರೂಪಕ್ಕೆ ಕೊನೆಯ ತನಕ ಓದಿದೆ. ಕೊನೆಯ ಸಾಲಿನಲ್ಲಿ 'ಪೂರ್ತಿ ಓದಿದ್ದೀರಿ ಅಂತ ಗೊತ್ತಾಗಲು ನಿಮ್ಮ ಉತ್ತರವನ್ನು ನೀಲಿ ಎಂಬ ಪದದಿಂದ ಶುರು ಮಾಡಿ' ಎಂದಿತ್ತು. ಎದೆ ಧಸಕ್ಕೆಂದಿತು. ಹಿಂದೆ ಹೋಗಿ ಹಳೆಯ ಜಾಹೀರಾತುಗಳನ್ನು ತೆಗೆದು ನೋಡಿದೆ. ಇನ್ನೂ ತೆರೆಯುತ್ತಿದ್ದವುಗಳಲ್ಲಿ ಐದರಲ್ಲಿ ಇಂಥದ್ದೇ ಗುಟ್ಟಿನ ಪದ ಇತ್ತು. ಆ ಐದೂ ಕಡೆ ನನ್ನ ಪತ್ರವನ್ನು ಯಾರೂ ಎರಡನೇ ಸಾಲಿನ ತನಕ ಓದಿರಲಾರರು.

ಸರಿ, ಆ ಎರಡನೇ ಉತ್ತರದ ಕಥೆ. ಒಬ್ಬರು 'ನಿಮ್ಮ ಬರಹ ಇಷ್ಟವಾಯಿತು, ಒಂದು ಸ್ಯಾಂಪಲ್ ಬರೆದುಕೊಡಿ, ಹಿಡಿಸಿದರೆ ತಿಂಗಳಿಗೆ ಇಪ್ಪತ್ತು ಲೇಖನ' ಅಂದರು. ವಿಷಯ ಅವರದೇ, ಶೀರ್ಷಿಕೆ ಅವರದೇ, 1,200 ಪದ. ಎರಡು ರಾತ್ರಿ ಕೂತು ಬರೆದೆ. ಕಳಿಸಿದ ಮೇಲೆ ಮೌನ. ಮೂರು ವಾರದ ನಂತರ ನನ್ನದೇ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿದೆ. ಲೇಖನ ಬೇರೆಯವರ ಹೆಸರಿನಲ್ಲಿ ಪ್ರಕಟವಾಗಿತ್ತು. ಚಿತ್ರ ಸಹಿತ! ಚಿತ್ರ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು.

ಈಗ ಯಾರಾದರೂ ಸ್ಯಾಂಪಲ್ ಕೇಳಿದರೆ ಹಿಂದೆ ಬರೆದದ್ದರ ಲಿಂಕ್ ಕೊಡುತ್ತೇನೆ. ಹೊಸದೇ ಬೇಕು ಅಂದರೆ ಚಿಕ್ಕದಾಗಿ, ದುಡ್ಡಿಗೆ. ನೇರವಾದವರು ಇದಕ್ಕೆ ಬೇಜಾರು ಮಾಡಿಕೊಂಡದ್ದನ್ನು ನಾನು ನೋಡಿಲ್ಲ. 'ನೋಂದಣಿ ಶುಲ್ಕ ಕಟ್ಟಿ, ಕೆಲಸ ಕೊಡುತ್ತೇವೆ', 'ಸೈಟಿನ ಹೊರಗೆ ಟೆಲಿಗ್ರಾಂನಲ್ಲಿ ಮಾತಾಡೋಣ' ಅನ್ನುವವರೂ ಸಿಕ್ಕಿದ್ದಾರೆ. ಕೆಲಸ ಮಾಡುವವನು ನಾನು, ದುಡ್ಡು ಕೊಡಬೇಕಾದವನೂ ನಾನೇ ಅಂದರೆ ಅದು ಕೆಲಸ ಅಲ್ಲ. ಅಷ್ಟು ಮಟ್ಟಿಗೆ ಅಕೌಂಟ್ಸ್ ಮೊದಲೇ ಕಲಿಸಿತ್ತು.

ಮುಂದಿನ ಒಂದು ವರ್ಷ ಸಿಕ್ಕಿದ್ದನ್ನೆಲ್ಲ ಬರೆದೆ. ಹಾಸಿಗೆ, ಹೆಡ್‌ಫೋನ್, ನಾಯಿಯ ಬೆಲ್ಟ್, ಯೋಗದ ಚಾಪೆ. ಪದಕ್ಕೆ ಒಂದೂವರೆ ಸೆಂಟ್, ಎರಡು ಸೆಂಟ್. ಎಸ್‌ಇಒ ಅನ್ನುವುದು ಕಲಿತೆ, ಅಂದರೆ ಹುಡುಕಾಟದಲ್ಲಿ ಲೇಖನ ಮೇಲೆ ಕಾಣುವ ಹಾಗೆ ಬರೆಯುವುದು. ಜನ ಗೂಗಲ್‌ನಲ್ಲಿ ಏನೆಂದು ಹುಡುಕುತ್ತಾರೋ ಆ ಮಾತು ಶೀರ್ಷಿಕೆಯಲ್ಲಿ, ಮೊದಲ ಪ್ಯಾರಾದಲ್ಲಿ, ಒಂದೆರಡು ಉಪಶೀರ್ಷಿಕೆಯಲ್ಲಿ ಬರಬೇಕು. ಹುಡುಕಾಟದಲ್ಲಿ ಶೀರ್ಷಿಕೆಯ ಕೆಳಗೆ ಕಾಣುವ ಚಿಕ್ಕ ಸಾರಾಂಶ, ಅಂದರೆ ಮೆಟಾ ವಿವರಣೆ, ಸುಮಾರು 155 ಅಕ್ಷರಕ್ಕೆ ಮುಗಿಯಬೇಕು, ಇಲ್ಲದಿದ್ದರೆ ಹುಡುಕಾಟದ ಪುಟದಲ್ಲಿ ಬಾಲ ಕತ್ತರಿಸಿಹೋಗುತ್ತದೆ. ಒಬ್ಬ ಕ್ಲೈಂಟ್ 600 ಪದದಲ್ಲಿ ಒಂದೇ ಕೀವರ್ಡ್, ಅಂದರೆ ಜನ ಹುಡುಕುವ ಮಾತು, ಹದಿನೆಂಟು ಸಲ ಬರಬೇಕು ಅಂದಿದ್ದರು. ಅದು ಹಳೇ ಕಾಲದ ಆಟ. ಗೂಗಲ್ 2011ರ ಫೆಬ್ರವರಿಯಲ್ಲಿ ಪಾಂಡಾ ಎಂಬ ಬದಲಾವಣೆ ತಂದಾಗಲೇ ಇಂಥ ಜೊಳ್ಳು ಲೇಖನಗಳ ಕಾರ್ಖಾನೆಗಳು ಹುಡುಕಾಟದ ಪಟ್ಟಿಯಲ್ಲಿ ಕೆಳಗೆ ಬಿದ್ದಿದ್ದವು. ಆ ಸುದ್ದಿ ಅವರಿಗೆ ಮುಟ್ಟಿರಲಿಲ್ಲವೋ ಏನೋ. ಬರೆದುಕೊಟ್ಟೆ. ಓದಿದರೆ ಗಿಳಿ ಪಾಠ ಒಪ್ಪಿಸಿದ ಹಾಗಿತ್ತು.

ಅಕ್ಕನ ಮಾತಿನಂತೆ ಲೆಕ್ಕ ಇಡಲು ಶುರು ಮಾಡಿದ್ದೂ ಆಗಲೇ. ಒಂದು ಶೀಟ್. ಕೆಲಸ, ಪದ, ಒಪ್ಪಿದ ದುಡ್ಡು, ಕಮಿಷನ್ ಕಳೆದು ಬಂದದ್ದು, ಕೂತ ಹೊತ್ತು. ಕೂತ ಹೊತ್ತು ಅಂದರೆ ಬರೆದ ಹೊತ್ತಷ್ಟೇ ಅಲ್ಲ. ಕೆಲಸ ಹುಡುಕಿದ್ದು, ಮೇಲ್ ಬರೆದದ್ದು, ತಿದ್ದಿದ್ದು ಎಲ್ಲ. ಮೂರು ತಿಂಗಳ ಶೀಟ್ ಮುಂದಿಟ್ಟುಕೊಂಡು ನೋಡಿದಾಗ ನಾನು ಅಂದುಕೊಂಡದ್ದೆಲ್ಲ ತಲೆಕೆಳಗಾಯಿತು. ಪದಕ್ಕೆ ಎರಡು ಸೆಂಟ್ ಕೊಟ್ಟ ಕ್ಲೈಂಟ್ ಒಬ್ಬರಿಂದ ನನಗೆ ಬಂದದ್ದು, ಒಂದೂವರೆ ಸೆಂಟ್ ಕೊಟ್ಟವರಿಗಿಂತ ಗಂಟೆಗೆ ಕಡಿಮೆ! ಕಾರಣ ತಿದ್ದುಪಡಿ. 'ಇನ್ನೂ ಸ್ವಲ್ಪ ಮಜವಾಗಿರಲಿ', 'ಯಾಕೋ ಜೀವ ಇಲ್ಲ', 'ಹಿಂದಿನದೇ ಚೆನ್ನಾಗಿತ್ತು' ಅಂತ ಏಳು ಸಲ ತಿದ್ದಿಸಿದ್ದರು. ಎಂಟನೆಯದಾಗಿ ಒಪ್ಪಿದ್ದು ಮೊದಲನೆಯದನ್ನೇ.

ಅಂದಿನಿಂದ ಕೆಲಸ ಒಪ್ಪುವಾಗಲೇ ಬರೆದು ಕಳಿಸುತ್ತೇನೆ: ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಬೇರೆ ದುಡ್ಡು. ಮೊದಲ ಸಲ ಇದನ್ನು ಕಳಿಸುವಾಗ ಕೈ ನಡುಗಿತ್ತು. ಅವರು 'ಆಯಿತು' ಎಂದು ಒಂದೇ ಪದದಲ್ಲಿ ಉತ್ತರಿಸಿದರು. ಇಷ್ಟೇನಾ ಅನ್ನಿಸಿತು.

ನಿಜವಾಗಿ ದಿಕ್ಕು ಬದಲಾದದ್ದು ಒಂದು ಬೇಡದ ಕೆಲಸದಿಂದ. ಚಿಕ್ಕ ವ್ಯಾಪಾರಿಗಳಿಗಾಗಿ ಲೆಕ್ಕದ ಸಾಫ್ಟ್‌ವೇರ್ ಮಾಡುವ ಒಂದು ಕಂಪನಿಗೆ ಬ್ಯಾಂಕ್ ತಾಳೆಯ ಬಗ್ಗೆ ಲೇಖನ ಬೇಕಿತ್ತು. ಹಗಲೆಲ್ಲ ಮಾಡಿದ್ದನ್ನೇ ರಾತ್ರಿಯೂ ಬರೆಯಬೇಕಾ ಎಂದು ಎರಡು ದಿನ ಬಿಟ್ಟಿದ್ದೆ. ಆ ವಾರ ಬೇರೆ ಏನೂ ಸಿಗಲಿಲ್ಲ. ಸುಮ್ನೆ ಹಾಕೋಣ ಅಂತ ಪ್ರಪೋಸಲ್ ಬರೆದೆ. ಈ ಸಲ 'ಪರಿಶ್ರಮಿ' ಇತ್ಯಾದಿ ಹಾಕಲಿಲ್ಲ. ನೇರವಾಗಿ ಹೀಗೆ ಶುರು ಮಾಡಿದೆ: 'ತಾಳೆ ಆಗದೆ ಉಳಿದ ಮೊತ್ತ 9ರಿಂದ ಸರಿಯಾಗಿ ಭಾಗ ಆಗುತ್ತಿದ್ದರೆ, ಎಲ್ಲೋ ಎರಡು ಅಂಕಿ ಅದಲುಬದಲು ಆಗಿರುವ ಸಾಧ್ಯತೆ ಹೆಚ್ಚು. 63 ಬರೆಯುವಲ್ಲಿ 36 ಬರೆದರೆ ವ್ಯತ್ಯಾಸ 27. ತಿಂಗಳ ಕೊನೆಯಲ್ಲಿ ಇಂಥ 27ರ ಹಿಂದೆ ಅರ್ಧ ದಿನ ಅಲೆದಿದ್ದೇನೆ.'

ಅರ್ಧ ಗಂಟೆಯಲ್ಲಿ ಸಂಪಾದಕಿಯ ಉತ್ತರ ಬಂತು. 'ಈ 9ರ ವಿಷಯ ಎಲ್ಲಿ ಓದಿದಿರಿ?'

'ಓದಿದ್ದಲ್ಲ. ನನ್ನ ಹಗಲಿನ ಕೆಲಸ ಅದೇ.'

'ಅದನ್ನು ಪ್ರೊಫೈಲ್‌ನಲ್ಲಿ ಯಾಕೆ ಹಾಕಿಲ್ಲ?'

ಏನು ಹೇಳಲಿ? ಹಿತ್ತಲ ಗಿಡ ಮದ್ದಲ್ಲ ಅಂತ ನಾನೇ ಅಂದುಕೊಂಡಿದ್ದೆ. ಅದನ್ನು ಇಂಗ್ಲಿಷ್‌ನಲ್ಲಿ ಹೇಳಲು ಬಾರದೆ 'ಮರೆತಿದ್ದೆ' ಎಂದು ಬರೆದೆ.

ಆ ಲೇಖನಕ್ಕೆ ಪದಕ್ಕೆ 8 ಸೆಂಟ್. 1,000 ಪದಕ್ಕೆ 80 ಡಾಲರ್. ಕೂತದ್ದು ಐದು ಗಂಟೆಗೂ ಕಡಿಮೆ, ಯಾಕೆಂದರೆ ಓದಿ ತಿಳಿಯಬೇಕಾದದ್ದು ಜಾಸ್ತಿ ಇರಲಿಲ್ಲ. ಚೆಕ್ ಕೊಟ್ಟಿದ್ದರೂ ಬ್ಯಾಂಕಿನಲ್ಲಿ ಇನ್ನೂ ಪಾಸಾಗದೆ ಇರುವುದು, ಬ್ಯಾಂಕ್ ಹಿಡಿದುಕೊಂಡ ಚಿಲ್ಲರೆ ಶುಲ್ಕವನ್ನು ಪುಸ್ತಕದಲ್ಲಿ ಬರೆಯಲು ಮರೆಯುವುದು, ಒಂದೇ ಬಿಲ್ಲನ್ನು ಎರಡು ಸಲ ಹತ್ತಿಸುವುದು. ಇವೆಲ್ಲ ನನ್ನ ಬೆರಳ ತುದಿಯಲ್ಲಿ ಇದ್ದವು. ಸಂಪಾದಕಿ ತಿದ್ದಿದ್ದು ನನ್ನ ಉದ್ದ ವಾಕ್ಯಗಳನ್ನು ಮಾತ್ರ. ಮೀನು ಯಾವುದೂ ಸಾಯಲಿಲ್ಲ.

ಅದೇ ವಾರ ಪ್ರೊಫೈಲ್ ಬದಲಾಯಿಸಿದೆ. ಪ್ರವಾಸ, ಸಾಕುಪ್ರಾಣಿ ಎಲ್ಲ ತೆಗೆದೆ. 'ಚಿಕ್ಕ ವ್ಯಾಪಾರದ ಲೆಕ್ಕಪತ್ರದ ಬಗ್ಗೆ ಬರೆಯುತ್ತೇನೆ, ಆ ಕೆಲಸ ಮಾಡುತ್ತೇನೆ' ಎಂದು ಒಂದೇ ಸಾಲು. ಹಾಕುವ ಅರ್ಜಿ ತಿಂಗಳಿಗೆ ಆರೇಳಕ್ಕೆ ಇಳಿಯಿತು, ಬರುವ ಉತ್ತರ ಮೂರು ನಾಲ್ಕಕ್ಕೆ ಏರಿತು.

ಬರೆದದ್ದರಲ್ಲಿ ಹೆಚ್ಚಿನವಕ್ಕೆ ನನ್ನ ಹೆಸರಿಲ್ಲ. ಗೋಸ್ಟ್‌ರೈಟಿಂಗ್. ಕಂಪನಿಯ ಮುಖ್ಯಸ್ಥರ ಹೆಸರಿನಲ್ಲಿ ಹೋಗುತ್ತದೆ. ಮೊದಮೊದಲು ಸಂಕಟ ಆಗುತ್ತಿತ್ತು. ಒಮ್ಮೆ ಒಬ್ಬರ 'ಮನದಾಳದ ಮಾತು' ಬರೆದುಕೊಟ್ಟೆ. ಅದರ ಕೆಳಗೆ ನೂರಾರು ಜನ ಅವರನ್ನು ಹೊಗಳಿದ್ದರು. ಈಗ ಅಭ್ಯಾಸವಾಗಿದೆ. ಆದರೆ ಒಂದು ಮಾತು ಮೊದಲೇ ಕೇಳಿಕೊಳ್ಳುತ್ತೇನೆ: ಬೇರೆಯವರಿಗೆ ಸ್ಯಾಂಪಲ್ ಆಗಿ ತೋರಿಸಬಹುದೇ? ಇಲ್ಲ ಅಂದರೆ ದರ ಸ್ವಲ್ಪ ಹೆಚ್ಚು. ಬರಹದ ಹಕ್ಕು ದುಡ್ಡು ಪೂರ್ತಿ ಸಂದ ಮೇಲೆ ಮಾತ್ರ ಅವರದ್ದು ಎಂಬ ಸಾಲನ್ನೂ ಒಪ್ಪಂದದಲ್ಲಿ ಸೇರಿಸಿದ್ದೇನೆ.

ಇನ್ನು ದುಡ್ಡು ಕೈಗೆ ಬರುವ ದಾರಿ. ಸೈಟಿನ ಒಳಗಿನ ಕೆಲಸದಲ್ಲಿ ಇದು ಸುಲಭ. ಅಪ್‌ವರ್ಕ್‌ನಲ್ಲಿ ಒಟ್ಟು ಮೊತ್ತ ಗೊತ್ತುಮಾಡಿಕೊಂಡ ಕೆಲಸವಾದರೆ ಕ್ಲೈಂಟ್ ಮೊದಲೇ ದುಡ್ಡನ್ನು ಎಸ್ಕ್ರೋದಲ್ಲಿ ಇಡುತ್ತಾರೆ, ಅಂದರೆ ಅದು ನಡುವೆ ಸೈಟಿನ ಕೈಯಲ್ಲಿ ಇರುತ್ತದೆ. ನಾವು ಕೆಲಸ ಒಪ್ಪಿಸಿ 14 ದಿನದ ತನಕ ಅವರು ಏನೂ ಹೇಳದಿದ್ದರೆ ತಾನಾಗಿ ಬಿಡುಗಡೆ ಆಗುತ್ತದೆ. ಎಸ್ಕ್ರೋ ತುಂಬದೆ ಕೆಲಸ ಶುರು ಮಾಡಿದರೆ ಈ ರಕ್ಷಣೆ ಇಲ್ಲ. ನಾನು ಒಮ್ಮೆ ಆತುರಕ್ಕೆ ಹಾಗೆ ಮಾಡಿ ಕೈಸುಟ್ಟುಕೊಂಡೆ, 60 ಡಾಲರ್ ಹೋಯಿತು. ಸೈಟಿನ ಹೊರಗೆ ನೇರವಾಗಿ ಸಿಕ್ಕ ಕ್ಲೈಂಟ್‌ಗಳಲ್ಲಿ ಕಮಿಷನ್ ಇಲ್ಲ, ಕಾವಲೂ ಇಲ್ಲ. ಹೊಸಬರಾದರೆ ಅರ್ಧ ಮುಂಗಡ. ಪರಿಚಯದವರಾದರೆ ಇನ್‌ವಾಯ್ಸ್ ಕೊಟ್ಟ 30 ದಿನದೊಳಗೆ. ಒಂದು ಮೋಸ ಅಲ್ಲದ ಮೋಸವೂ ಇದೆ. ಬೇರೆ ದೇಶದಿಂದ ದುಡ್ಡು ಬರುವಾಗ 'ಶುಲ್ಕ ಇಲ್ಲ' ಎಂದು ದೊಡ್ಡದಾಗಿ ಬರೆದಿರುತ್ತಾರೆ, ಆದರೆ ಡಾಲರ್ ಬದಲಾಯಿಸುವ ದರದಲ್ಲೇ ತಮ್ಮ ಪಾಲು ಹಿಡಿದುಕೊಂಡಿರುತ್ತಾರೆ. ಆ ದಿನದ ಮಾರುಕಟ್ಟೆ ದರದ ಜೊತೆ ಹೋಲಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ನನ್ನ ಶೀಟ್‌ನಲ್ಲಿ ಅದಕ್ಕೂ ಒಂದು ಕಾಲಂ ಬಂತು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಮೊದಲ ತಿಂಗಳು ನಾವೆಲ್ಲ ಅದರ ಕೈಲಿ ಪದ್ಯ ಬರೆಸಿ ನಕ್ಕೆವು. ಮುಂದಿನ ಬೇಸಿಗೆ ಹೊತ್ತಿಗೆ ನನ್ನ ಇಬ್ಬರು ಕ್ಲೈಂಟ್‌ಗಳು ಮೆಲ್ಲಗೆ ಮೇಲ್ ಬರೆಯುವುದನ್ನು ನಿಲ್ಲಿಸಿದರು. ಹಾಸಿಗೆ, ಹೆಡ್‌ಫೋನ್ ಥರದ ಲೇಖನ ಕೊಡುತ್ತಿದ್ದವರು. ಅವರನ್ನು ಬೈಯಲಾರೆ. ಆ ಲೇಖನಗಳನ್ನು ನಾನು ಬರೆಯುತ್ತಿದ್ದದ್ದೂ ಹಾಗೇ ಅಲ್ವಾ? ಹತ್ತು ಪುಟ ಓದಿ ಹನ್ನೊಂದನೆಯದು ಮಾಡುವುದು. ಯಂತ್ರ ಅದನ್ನೇ ಬೇಗ ಮಾಡುತ್ತದೆ. ಮೂರನೆಯವರು 'ಯಂತ್ರ ಬರೆದದ್ದನ್ನು ತಿದ್ದಿಕೊಡಿ, ಅರ್ಧ ದರ' ಎಂದರು. ಎರಡು ಲೇಖನ ಮಾಡಿ ಬಿಟ್ಟೆ. ನಯವಾಗಿ ಹೇಳಿದ ತಪ್ಪುಗಳನ್ನು ಹುಡುಕಿ ತೆಗೆಯುವುದಕ್ಕೆ ಹೊಸದಾಗಿ ಬರೆಯುವಷ್ಟೇ ಹೊತ್ತು ಹಿಡಿಯಿತು. ಶೀಟ್ ಹಾಗೆ ಹೇಳುತ್ತಿತ್ತು.

ಇದರ ಜೊತೆಗೇ ಬಂದದ್ದು ಅನುಮಾನದ ಕಾಲ. ಒಬ್ಬ ಹೊಸ ಕ್ಲೈಂಟ್ ನನ್ನ ಲೇಖನವನ್ನು ಯಾವುದೋ ಪತ್ತೆ ಸಾಧನಕ್ಕೆ ಹಾಕಿ 'ಇದು ಶೇ. 78 ಎಐ ಬರೆದದ್ದು, ದುಡ್ಡು ಕೊಡುವುದಿಲ್ಲ' ಅಂದರು. ಸವಕಳಿಯ ಲೆಕ್ಕದ ಬಗ್ಗೆ ಬರೆದ ಲೇಖನ ಅದು. ಲೆಕ್ಕದ ಭಾಷೆ ಯಾರು ಬರೆದರೂ ಒಣಗಿಯೇ ಇರುತ್ತದೆ. ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿನಲ್ಲಿ ಉತ್ತರ ಬರೆಯಲಿಲ್ಲ. ನಾನು ಬರೆಯುವುದು ಗೂಗಲ್ ಡಾಕ್ಸ್‌ನಲ್ಲಿ. ಅದರಲ್ಲಿ ಆವೃತ್ತಿಗಳ ಇತಿಹಾಸ ಇರುತ್ತದೆ. ಯಾವ ದಿನ ಎಷ್ಟು ಹೊತ್ತಿಗೆ ಯಾವ ಸಾಲು ಸೇರಿತು, ಯಾವುದು ಹೋಯಿತು ಎಲ್ಲ. ಆ ಕಡತವನ್ನೇ ಅವರಿಗೆ ತೆರೆದು ಕೊಟ್ಟೆ. ಒಂದೇ ಪ್ಯಾರಾವನ್ನು ನಾಲ್ಕು ಸಲ ಅಳಿಸಿ ಬರೆದದ್ದು ಅಲ್ಲಿ ಕಾಣುತ್ತಿತ್ತು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಮುಚ್ಚಿದೆ ಎಂಬುದನ್ನೂ ಮೇಲ್‌ನಲ್ಲಿ ಸೇರಿಸಿದೆ. ನಾಲ್ಕು ದಿನದ ನಂತರ ದುಡ್ಡು ಬಂತು. ಕ್ಷಮೆ ಬರಲಿಲ್ಲ. ಅವರಿಗೆ ಮತ್ತೆ ಬರೆಯಲಿಲ್ಲ.

ಆ ಹಳೆಯ ಸಂಪಾದಕಿ ಮಾತ್ರ ಇನ್ನೂ ಇದ್ದಾರೆ. ಅವರು ಈಗ ಕಳಿಸುವ ಸೂಚನೆಯಲ್ಲಿ ಹೊಸ ಸಾಲೊಂದು ಇರುತ್ತದೆ: 'ನೀವೇ ಮಾಡಿ ಎಡವಿದ ಒಂದು ಉದಾಹರಣೆ ಬೇಕು.' ಇದಕ್ಕೆ ನನ್ನ ಹತ್ತಿರ ಬರ ಇಲ್ಲ.

ಹಗಲಿನ ಕೆಲಸ ಬಿಟ್ಟಿಲ್ಲ. ಬಿಡುವಷ್ಟು ಬರುತ್ತದಾ ಎಂದು ಅಕ್ಕ ಆಗಾಗ ಕೇಳುತ್ತಾಳೆ. ಕೆಲವು ತಿಂಗಳು ಬರುತ್ತದೆ, ಕೆಲವು ತಿಂಗಳು ಅದರ ಕಾಲು ಭಾಗವೂ ಇಲ್ಲ. ಹೋದ ವರ್ಷದ ಶೀಟ್ ಕೂಡಿದಾಗ ಸರಾಸರಿ ಗಂಟೆಗೆ 14 ಡಾಲರ್ ಬಿದ್ದಿತ್ತು, ಕಮಿಷನ್, ಹುಡುಕಾಟ, ಬಾರದೆ ಹೋದ ಬಾಕಿ ಎಲ್ಲ ಕಳೆದು. ಅದಲ್ಲದೆ, ಆಫೀಸು ಬಿಟ್ಟರೆ ಬರೆಯಲು ಹೊಸ 27 ಎಲ್ಲಿಂದ ತರಲಿ ಎಂಬ ಯೋಚನೆಯೂ ಇದೆ.

ಸದ್ಯ ಶೀಟ್‌ನಲ್ಲಿ ಒಂದು ಸಾಲು ಕೆಂಪಗಿದೆ. 30 ದಿನದ ಗಡುವಿನ ಇನ್‌ವಾಯ್ಸ್, 240 ಡಾಲರ್, ಇವತ್ತಿಗೆ 41 ದಿನ. 'ನಮ್ಮ ಅಕೌಂಟ್ಸ್ ವಿಭಾಗದಲ್ಲಿ ತಡವಾಗಿದೆ' ಎಂದು ಎರಡು ಸಲ ಉತ್ತರ ಬಂದಿದೆ. ನಾನೂ ಅಕೌಂಟ್ಸ್ ವಿಭಾಗದವನೇ. ಆ ಮಾತನ್ನು ಯಾವಾಗ, ಯಾಕೆ ಹೇಳುತ್ತೇವೆ ಅಂತ ಗೊತ್ತು. ಮೂರನೇ ಮೇಲ್ ಈಗ ಬರೆಯಬೇಕು. ಈ ಸಲ ಸಂಪಾದಕರಿಗಲ್ಲ, ನೇರವಾಗಿ ಆ ವಿಭಾಗಕ್ಕೇ.